ಮದರ್‌ಬೋರ್ಡ್ ಹೋಗಿದೆ ಅಂದರು: ಅದನ್ನೇ ಬದಲಿಸುವುದೋ, ಹೊಸ ಸಿಸ್ಟಮ್‌ಗೆ ಹೋಗುವುದೋ?

ಮಳೆಗಾಲ ಹಿಡಿದ ಮೇಲೊಮ್ಮೆ, ಅಕ್ಟೋಬರ್‌ನ ಗುಡುಗು ಮಳೆ ಬಂದು ಹೋದ ಮೇಲೊಮ್ಮೆ, ಒಂದೇ ಪ್ರಶ್ನೆ ಬೇರೆ ಬೇರೆ ಊರಿನಿಂದ ಬರುತ್ತದೆ. ಕಾರವಾರದ ಸೈಬರ್ ಸೆಂಟರ್‌ನವರು ಕೇಳುತ್ತಾರೆ, ಕುಮಟಾದ ಫೋಟೋ ಸ್ಟುಡಿಯೋದವರು ಕೇಳುತ್ತಾರೆ, ಶಿರಸಿಯಲ್ಲಿ ಅಡಿಕೆ ವ್ಯಾಪಾರದ ಲೆಕ್ಕ ಬರೆಯುವವರು ಕೇಳುತ್ತಾರೆ. "ಅಂಗಡಿಯವರು ಬೋರ್ಡ್ ಹೋಗಿದೆ ಅಂದರು. ಎರಡೂವರೆ ಸಾವಿರಕ್ಕೆ ಬೇರೆ ಹಾಕಿಸಲಾ, ಇಲ್ಲ ಹೊಸದೇ ತೆಗೆದುಕೊಳ್ಳಲಾ?"

ಬೋರ್ಡ್ ಅಂದರೆ ಮದರ್‌ಬೋರ್ಡ್, ಕಂಪ್ಯೂಟರಿನ ಎಲ್ಲ ಭಾಗಗಳೂ ಜೋಡಣೆಯಾಗುವ ದೊಡ್ಡ ಹಲಗೆ. ಅದರ ಬೆಲೆ ನೋಡಿ ಇದನ್ನು ತೀರ್ಮಾನ ಮಾಡಬೇಡಿ. ಮೊದಲು, ಹೋಗಿರುವುದು ಬೋರ್ಡೇ ಹೌದಾ ಅಂತ ಖಚಿತ ಮಾಡಿಕೊಳ್ಳಿ. ಆಮೇಲೆ ನಿಮ್ಮ ಪ್ರೊಸೆಸರ್ ಎಷ್ಟನೇ ಜನರೇಷನ್, ಅಂದರೆ ಎಷ್ಟನೇ ಪೀಳಿಗೆಯದು ಅಂತ ನೋಡಿ. ಈ ಎರಡು ಗೊತ್ತಾದ ಮೇಲೆ ದುಡ್ಡಿನ ಲೆಕ್ಕ ಸುಲಭ. ಇವೆರಡನ್ನೂ ಬಿಟ್ಟು ನೇರವಾಗಿ ಬೆಲೆಗೆ ಹೋದವರು ಎರಡು ಸಲ ದುಡ್ಡು ಹಾಕುತ್ತಾರೆ.

ಇಲ್ಲಿ ಹೇಳುವುದೆಲ್ಲ ಡೆಸ್ಕ್‌ಟಾಪ್‌ಗೆ. ಲ್ಯಾಪ್‌ಟಾಪ್‌ನಲ್ಲಿ ಪ್ರೊಸೆಸರ್ ಸಾಮಾನ್ಯವಾಗಿ ಬೋರ್ಡಿಗೇ ಬೆಸುಗೆ ಆಗಿರುತ್ತದೆ, ಆ ಲೆಕ್ಕವೇ ಬೇರೆ. ಇನ್ನೊಂದು ಮಾತು: ನಮ್ಮಲ್ಲಿ ಇಡೀ ಡಬ್ಬಿಗೆ ಸಿಪಿಯು ಅನ್ನುತ್ತೇವೆ. ಈ ಲೇಖನದಲ್ಲಿ ಡಬ್ಬಿಗೆ ಕ್ಯಾಬಿನೆಟ್ ಎಂದೂ, ಫ್ಯಾನ್ ಕೆಳಗೆ ಕೂತಿರುವ ಚೌಕದ ಚಿಪ್‌ಗೆ ಪ್ರೊಸೆಸರ್ ಎಂದೂ ಬರೆದಿದ್ದೇನೆ.

ಮೊದಲು ಬೇಕಾದ ಸಾಮಾನು

ಸ್ಟಾರ್ ಸ್ಕ್ರೂಡ್ರೈವರ್, ಬಿಳಿ ರಬ್ಬರ್, ಮೆತ್ತನೆಯ ಬ್ರಷ್, ಒಂದು ಹೊಸ ಸಿಆರ್2032 ಸೆಲ್, ಒಂದು ಮಲ್ಟಿಮೀಟರ್, ಸ್ವಲ್ಪ ಐಸೋಪ್ರೊಪೈಲ್ ಆಲ್ಕೊಹಾಲ್, ಥರ್ಮಲ್ ಪೇಸ್ಟ್. ಬೋರ್ಡಿಗೆ ಸಿಕ್ಕಿಸುವ ಪುಟ್ಟ ಬೀಪ್ ಸ್ಪೀಕರ್ ಸಿಕ್ಕರೆ ತುಂಬಾ ಒಳ್ಳೆಯದು. ಕ್ಯಾಬಿನೆಟ್ ಮುಟ್ಟುವ ಮೊದಲು ಪವರ್ ಕೇಬಲ್ ಎಳೆದು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಎಸ್‌ಎಂಪಿಎಸ್ ಅಂದರೆ ಕರೆಂಟ್ ಪೂರೈಸುವ ಲೋಹದ ಪೆಟ್ಟಿಗೆ. ಅದನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯ ಆಗುವಷ್ಟು ಕರೆಂಟ್ ಉಳಿದಿರಬಹುದು.

ಹಂತ 1: ನಿಜವಾಗಿ ಹೋಗಿರುವುದು ಯಾವುದು?

"ಡಿಸ್‌ಪ್ಲೇ ಬರ್ತಿಲ್ಲ" ಅಂದ ಕೂಡಲೇ ಬೋರ್ಡ್ ಹೋಗಿದೆ ಎಂದು ಹೇಳಿಬಿಡುವುದು ಸುಲಭ. ಆದರೆ ನಮ್ಮ ಹವೆಯಲ್ಲಿ ಮೊದಲು ಕೈ ಕೊಡುವುದು ಮೆಮೊರಿಯ ಪಟ್ಟಿಯಾದ ರ‍್ಯಾಮ್‌ನ ಸಂಪರ್ಕ, ಆಮೇಲೆ ಎಸ್‌ಎಂಪಿಎಸ್. ಸಮುದ್ರದ ಉಪ್ಪುಗಾಳಿ, ಮೂರು ನಾಲ್ಕು ತಿಂಗಳ ತೇವ, ಎರಡೂ ಸೇರಿ ಲೋಹದ ಮೇಲೆ ತೆಳ್ಳನೆ ಪದರ ಕಟ್ಟುತ್ತವೆ. ಹಾಗಾಗಿ ಇದೇ ಕ್ರಮದಲ್ಲಿ ನೋಡಿ.

ಮೊದಲು ಯುಪಿಎಸ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿ. ಸತ್ತ ಯುಪಿಎಸ್ ಬ್ಯಾಟರಿಯಿಂದಾಗಿ ಕ್ಯಾಬಿನೆಟ್ ಬಿಚ್ಚಿದವರು ಬಹಳ ಜನ.

ರ‍್ಯಾಮ್ ತೆಗೆದು, ಅದರ ಬಂಗಾರದ ಬಣ್ಣದ ಅಂಚನ್ನು ಎರಡೂ ಕಡೆ ಬಿಳಿ ರಬ್ಬರ್‌ನಿಂದ ಉಜ್ಜಿ. ರಬ್ಬರ್ ಪುಡಿ ಒರೆಸಿ. ಸ್ಲಾಟ್ ಒಳಗೆ ಆಲ್ಕೊಹಾಲ್ ತಾಗಿಸಿದ ಬ್ರಷ್ ಆಡಿಸಿ, ಪೂರ್ತಿ ಒಣಗಲು ಬಿಡಿ. ಒಂದೇ ರ‍್ಯಾಮ್ ಹಾಕಿ ನೋಡಿ, ಆಗದಿದ್ದರೆ ಅದನ್ನೇ ಇನ್ನೊಂದು ಸ್ಲಾಟ್‌ಗೆ ಹಾಕಿ ನೋಡಿ.

ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ 3 ವೋಲ್ಟ್‌ನದು. ಮಲ್ಟಿಮೀಟರ್‌ನಲ್ಲಿ 2.7ಕ್ಕಿಂತ ಕಡಿಮೆ ತೋರಿಸಿದರೆ ಬದಲಿಸಿ. ಕಂಪ್ಯೂಟರ್‌ನ ಗಡಿಯಾರ ದಿನಾ ಹಿಂದಿನ ವರ್ಷಕ್ಕೆ ಹೋಗುತ್ತಿದ್ದರೆ ಅದು ಸೆಲ್‌ನ ತೊಂದರೆ. ಬೋರ್ಡ್ ಬದಲಿಸುವ ವಿಷಯವೇ ಅಲ್ಲ.

ಎಸ್‌ಎಂಪಿಎಸ್ ಪರೀಕ್ಷೆಗೆ ಅತ್ಯಂತ ನಂಬಿಕೆಯ ದಾರಿ, ಚೆನ್ನಾಗಿರುವ ಬೇರೆ ಎಸ್‌ಎಂಪಿಎಸ್ ಹಾಕಿ ನೋಡುವುದು. ಹಸಿರು ವೈರ್‌ಗೂ ಕಪ್ಪು ವೈರ್‌ಗೂ ತಂತಿ ಸೇರಿಸಿ ಫ್ಯಾನ್ ತಿರುಗಿಸುವ ಪರೀಕ್ಷೆಯನ್ನು ಎಲ್ಲರೂ ಮಾಡುತ್ತಾರೆ. ಫ್ಯಾನ್ ತಿರುಗಿತು ಅಂದ ಮಾತ್ರಕ್ಕೆ ಎಸ್‌ಎಂಪಿಎಸ್ ಸರಿ ಇದೆ ಅಂತ ಅಲ್ಲ. ಅಳೆಯುವುದಾದರೆ ಬೋರ್ಡಿಗೆ ಜೋಡಿಸಿಯೇ, ಆನ್ ಆಗಿರುವಾಗಲೇ ಅಳೆಯಿರಿ: ಹಳದಿ ವೈರ್‌ನಲ್ಲಿ 11.4ರಿಂದ 12.6 ವೋಲ್ಟ್, ಕೆಂಪಿನಲ್ಲಿ 4.75ರಿಂದ 5.25. ಈ ಗೆರೆ ದಾಟಿದರೆ ಎಸ್‌ಎಂಪಿಎಸ್ ತೆಗೆದುಹಾಕಿ. ಅದನ್ನೇ ಉಳಿಸಿಕೊಂಡು ಹೊಸ ಬೋರ್ಡ್ ಹಾಕಿದರೆ ಹೊಸದೂ ಸುಡುವ ಸಾಧ್ಯತೆ ಇದೆ.

ಇಷ್ಟಾದರೂ ಆಗದಿದ್ದರೆ ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರಗೆ ತೆಗೆದು, ಒಣ ರಟ್ಟಿನ ಮೇಲೆ ಇಡಿ. ಪ್ರೊಸೆಸರ್, ಅದರ ಫ್ಯಾನ್, ಎಸ್‌ಎಂಪಿಎಸ್, ಬೀಪ್ ಸ್ಪೀಕರ್ ಮಾತ್ರ ಇರಲಿ. ರ‍್ಯಾಮ್ ಬೇಡ. ಆನ್ ಮಾಡಿದಾಗ ರ‍್ಯಾಮ್ ಇಲ್ಲ ಅಂತ ಬೋರ್ಡ್ ಬೀಪ್ ಹೊಡೆದು ದೂರಬೇಕು. ದೂರಿದರೆ ಬೋರ್ಡ್‌ಗೂ ಪ್ರೊಸೆಸರ್‌ಗೂ ಜೀವ ಇದೆ, ತೊಂದರೆ ಬಹುಪಾಲು ರ‍್ಯಾಮ್ ಕಡೆ ಇದೆ. ಏನೂ ಸದ್ದಿಲ್ಲದಿದ್ದರೆ ಹೋಗಿರುವುದು ಇವೆರಡರಲ್ಲಿ ಒಂದು. ಪ್ರೊಸೆಸರ್ ಹೋಗುವುದು ಅಪರೂಪ.

ಬೋರ್ಡ್ ಹೊರಗಿರುವಾಗಲೇ ಬೆಳಕಿಗೆ ಹಿಡಿದು ನೋಡಿ. ಪ್ರೊಸೆಸರ್ ಸುತ್ತ ನಿಂತಿರುವ ಪುಟ್ಟ ಸಿಲಿಂಡರ್‌ಗಳೇ ಕೆಪಾಸಿಟರ್. ಅವುಗಳ ತಲೆ ಚಪ್ಪಟೆ ಇರಬೇಕು. ಉಬ್ಬಿದ್ದರೆ, ಕಂದು ಅಂಟು ಸೋರಿದ್ದರೆ, ಅದೇ ಕಾಯಿಲೆ. ಹಿಂಬದಿಯ ಯುಎಸ್‌ಬಿ, ಲ್ಯಾನ್ (ಇಂಟರ್ನೆಟ್ ಕೇಬಲ್ ಹಾಕುವ) ಪೋರ್ಟ್‌ಗಳ ಬುಡ ನೋಡಿ. ಕಾರವಾರ, ಅಂಕೋಲಾ, ಗೋಕರ್ಣದ ಬೋರ್ಡ್‌ಗಳಲ್ಲಿ ಅಲ್ಲೇ ಮೊದಲು ಹಸಿರು ಕಿಲುಬು ಕಾಣುವುದು. ಹೊರಗಿನ ಗಾಳಿ ನೇರ ತಾಗುವ ಜಾಗ ಅದು. ಶಿರಸಿ, ಸಿದ್ದಾಪುರದ ಕಡೆ ಉಪ್ಪಿಲ್ಲ, ಆದರೆ ಇರುವೆ ಗೂಡು, ಹಲ್ಲಿ ಹಿಕ್ಕೆ ಜಾಸ್ತಿ. ಹಲ್ಲಿ ಹಿಕ್ಕೆ ಬಿದ್ದ ಜಾಗದಲ್ಲಿ ಬೋರ್ಡಿನ ತೆಳುಗೆರೆಗಳೇ ತಿಂದುಹೋಗಿರುತ್ತವೆ.

ಮಳೆಗಾಲದ ಬೆಳಿಗ್ಗೆ ಆನ್ ಆಗುವುದಿಲ್ಲ, ಮೂರು ನಾಲ್ಕು ಸಲ ಒತ್ತಿದ ಮೇಲೆ ಆಗುತ್ತದೆ, ಒಮ್ಮೆ ಆದ ಮೇಲೆ ಸಂಜೆವರೆಗೂ ಸರಿ ಇರುತ್ತದೆ. ನಿಮ್ಮ ಕಂಪ್ಯೂಟರ್ ಹೀಗೆ ಮಾಡುತ್ತಿದ್ದರೆ ಬೋರ್ಡ್ ಇನ್ನೂ ಪೂರ್ತಿ ಹೋಗಿಲ್ಲ. ತೇವ ಅಥವಾ ಸೊರಗಿದ ಕೆಪಾಸಿಟರ್ ಇರಬೇಕು, ಎಸ್‌ಎಂಪಿಎಸ್‌ನದ್ದೂ ಆಗಿರಬಹುದು. ಆಲ್ಕೊಹಾಲ್‌ನಿಂದ ತೊಳೆಸಿ, ಕೆಪಾಸಿಟರ್ ಬದಲಿಸಿದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯಬಹುದು. ಈ ಹಂತದಲ್ಲೇ ಹಿಡಿದರೆ ಲಾಭ.

ಹಂತ 2: ಒಂದು ಪೋರ್ಟ್ ಹೋಗಿದ್ದಕ್ಕೆ ಬೋರ್ಡ್ ಬದಲಿಸಬೇಡಿ

ಸಿಡಿಲು ಬಂದ ಮಾರನೇ ದಿನ ಇಂಟರ್ನೆಟ್ ಇಲ್ಲ, ಉಳಿದದ್ದೆಲ್ಲ ಸರಿ ಇದೆ ಎಂದರೆ ಬಹುಪಾಲು ಲ್ಯಾನ್ ಪೋರ್ಟ್ ಮಾತ್ರ ಸುಟ್ಟಿದೆ. ಒಂದು ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಸಾವಿರ ರೂಪಾಯಿ ಒಳಗೇ ಸಿಗುತ್ತದೆ. ಆಡಿಯೋ ಹೋಗಿದ್ದರೆ ಯುಎಸ್‌ಬಿ ಸೌಂಡ್ ಕಾರ್ಡ್ ಇನ್ನೂ ಅಗ್ಗ. ಹಾರ್ಡ್ ಡಿಸ್ಕ್ ಕಾಣದಿದ್ದರೆ ಕೇಬಲ್ ಬದಲಿಸಿ, ಬೋರ್ಡಿನಲ್ಲಿ ಡಿಸ್ಕ್ ಕೇಬಲ್ ಸಿಕ್ಕಿಸುವ ಬೇರೆ ಸಾಟಾ ಪೋರ್ಟ್‌ಗೆ ಹಾಕಿ. ಇಂಥ ಬೋರ್ಡ್ ಮುಂದೆ ಪೂರ್ತಿ ಕೈ ಕೊಡಬಹುದು ನಿಜ. ಹಾಗಾಗಿ ಬ್ಯಾಕಪ್ ಇಟ್ಟುಕೊಳ್ಳಿ, ದುಡ್ಡು ಕೂಡಿಡಿ, ಆದರೆ ಇವತ್ತೇ ಖರ್ಚು ಮಾಡಬೇಡಿ.

ಹಂತ 3: ಪ್ರೊಸೆಸರ್ ಎಷ್ಟನೇ ಜನರೇಷನ್ ನೋಡಿ

ಇಡೀ ತೀರ್ಮಾನ ನಿಂತಿರುವುದು ಇಲ್ಲಿ. ಕ್ಯಾಬಿನೆಟ್ ಮೇಲಿನ ಸ್ಟಿಕ್ಕರ್, ಹಳೇ ಬಿಲ್, ಯಾವುದೂ ಇಲ್ಲದಿದ್ದರೆ ಫ್ಯಾನ್ ತೆಗೆದು ಪ್ರೊಸೆಸರ್ ಬೆನ್ನಿನ ಮೇಲಿನ ಪೇಸ್ಟ್ ಒರೆಸಿ ಓದಿ. ಇಂಟೆಲ್ ಐ3, ಐ5, ಐ7 ಆದರೆ ಗೆರೆಯ ನಂತರ ನಾಲ್ಕು ಅಂಕೆ ಇದ್ದರೆ ಮೊದಲ ಅಂಕೆಯೇ ಜನರೇಷನ್. ಐ5-3470 ಅಂದರೆ 3ನೇ ಜನರೇಷನ್. ಐ3-8100 ಅಂದರೆ 8ನೇದು. ಐದು ಅಂಕೆ ಇದ್ದರೆ ಮೊದಲ ಎರಡು ತೆಗೆದುಕೊಳ್ಳಿ: ಐ3-10100 ಅಂದರೆ 10.

ಗಮನಿಸಬೇಕಾದ ಗಡಿ 8ನೇ ಜನರೇಷನ್. ಯಾಕೆ? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ 8ನೇ ಜನರೇಷನ್‌ನಿಂದ ಮೇಲಕ್ಕೆ ಮಾತ್ರ. ಎಎಂಡಿ ಕಂಪನಿಯ ರೈಜೆನ್ ಆದರೆ 3000 ಸರಣಿ ಮತ್ತು ನಂತರದ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ತೊಂದರೆ ಇಲ್ಲ. ಜೊತೆಗೆ ಟಿಪಿಎಂ 2.0 ಬೇಕು. ಅದು ಗುಟ್ಟಿನ ಕೀಗಳನ್ನು ಕಾಪಾಡುವ ಭದ್ರತಾ ಭಾಗ, ಈಚಿನ ಪ್ರೊಸೆಸರ್‌ಗಳ ಜೊತೆಗೇ ಬರುತ್ತದೆ. ಅಡ್ಡದಾರಿಯಲ್ಲಿ ಹಳೇ ಸಿಸ್ಟಮ್‌ಗೂ ವಿಂಡೋಸ್ 11 ಹಾಕಿಕೊಡುವವರು ಇದ್ದಾರೆ. ಬ್ಯಾಂಕ್ ವ್ಯವಹಾರ, ಗ್ರಾಹಕರ ಆಧಾರ್ ದಾಖಲೆ ಇರುವ ಕಂಪ್ಯೂಟರ್‌ನಲ್ಲಿ ಆ ದಾರಿ ಬೇಡ ಎನ್ನುವುದು ನನ್ನ ಸ್ಪಷ್ಟ ಸಲಹೆ.

ಹಂತ 4: ನಿಮ್ಮ ಲೆಕ್ಕ ಯಾವುದು?

*2ನೇ, 3ನೇ, 4ನೇ ಜನರೇಷನ್.* 2, 3ನೇದಕ್ಕೆ ಎಚ್61, 4ನೇದಕ್ಕೆ ಎಚ್81 ಚಿಪ್‌ಸೆಟ್‌ನ ಬೋರ್ಡ್ ಬೇಕು. ಚಿಪ್‌ಸೆಟ್ ಅಂದರೆ ಬೋರ್ಡ್ ಯಾವ ಪ್ರೊಸೆಸರ್ ಒಪ್ಪಿಕೊಳ್ಳುತ್ತದೆ ಎಂದು ನಿರ್ಧರಿಸುವ ಚಿಪ್. ಅಗ್ಗದ ಬ್ರಾಂಡ್‌ಗಳ ಹೊಸ ಬೋರ್ಡ್ ಸುಮಾರು 2,000ದಿಂದ 3,500 ರೂಪಾಯಿಗೆ ಸಿಗುತ್ತದೆ. ಮಕ್ಕಳ ಓದು, ಟೈಪಿಂಗ್, ಪ್ರಿಂಟ್ ಇಷ್ಟೇ ಕೆಲಸ ಇದ್ದು, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಥರದ್ದು ಹಾಕಿಕೊಳ್ಳಲು ನೀವು ತಯಾರಿದ್ದರೆ ಬದಲಿಸಿ, ತಪ್ಪಿಲ್ಲ. ಆದರೆ ಬೋರ್ಡ್ ಜೊತೆ ಎಸ್‌ಎಂಪಿಎಸ್ಸೂ ಹೋಗಿದ್ದರೆ, ರ‍್ಯಾಮ್ ಕೂಡ 4 ಜಿಬಿ ಮಾತ್ರ ಇದ್ದರೆ, ಕೂಲಿಯೂ ಸೇರಿ ಲೆಕ್ಕ ಆರೇಳು ಸಾವಿರಕ್ಕೆ ಹತ್ತಿರ ಬರುತ್ತದೆ. 2012ರ ಹೊತ್ತಿನ ಪ್ರೊಸೆಸರ್‌ಗೆ ಅಷ್ಟು ಹಾಕಬೇಡಿ. ಟ್ಯಾಲಿ, ಜಿಎಸ್‌ಟಿ ರಿಟರ್ನ್ಸ್ ಮಾಡುವ ಅಂಗಡಿಯ ಕಂಪ್ಯೂಟರ್ ಆಗಿದ್ದರಂತೂ ಇದು ಬೇಡವೇ ಬೇಡ.

*6ನೇ, 7ನೇ ಜನರೇಷನ್.* ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಪ್ರೊಸೆಸರ್ ಇನ್ನೂ ಚೆನ್ನಾಗಿ ಓಡುತ್ತದೆ, ಆದರೆ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಬೋರ್ಡ್ ಒಂದೇ ಹೋಗಿದ್ದು, ಎಚ್110 ಬೋರ್ಡ್ ವಾರಂಟಿ ಜೊತೆ ಕಡಿಮೆ ಬೆಲೆಗೆ ಸಿಕ್ಕರೆ ಮಾತ್ರ ಹಾಕಿ.

*8ನೇ ಜನರೇಷನ್‌ನಿಂದ ಮೇಲೆ, ಅಥವಾ ರೈಜೆನ್ 3000, 5000.* ಯೋಚನೆ ಬೇಡ, ಬೋರ್ಡ್ ಬದಲಿಸಿ. ಪ್ರೊಸೆಸರ್, ರ‍್ಯಾಮ್ ಎರಡೂ ಇನ್ನೂ ಬೆಲೆ ಬಾಳುತ್ತವೆ.

ಹೊಸದಾಗಿ ಕಟ್ಟುವುದಾದರೆ ಎಚ್610 ಬೋರ್ಡ್, 12ನೇ ಜನರೇಷನ್ ಐ3, 8 ಜಿಬಿ ರ‍್ಯಾಮ್, ಎಸ್‌ಎಂಪಿಎಸ್ ಸೇರಿ 20,000 ರೂಪಾಯಿ ದಾಟುವುದು ಸಾಮಾನ್ಯ. ರ‍್ಯಾಮ್ ಬೆಲೆ ತುಂಬಾ ಏರಿಳಿಯುತ್ತದೆ, ಕೊಳ್ಳುವ ದಿನವೇ ಕೇಳಿ. ಹಳೆಯ ಡಿಡಿಆರ್3 ರ‍್ಯಾಮ್ ಹೊಸ ಬೋರ್ಡ್‌ಗೆ ಕೂರುವುದಿಲ್ಲ. ಹಳೇ ಕ್ಯಾಬಿನೆಟ್, ಮಾನಿಟರ್, ಕೀಬೋರ್ಡ್, ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ಉಳಿಸಿಕೊಳ್ಳಬಹುದು. ಮಾನಿಟರ್‌ನಲ್ಲಿ ನೀಲಿ ವಿಜಿಎ ಪೋರ್ಟ್ ಮಾತ್ರ ಇದ್ದರೆ, ಕೊಳ್ಳುವ ಬೋರ್ಡಿನಲ್ಲೂ ವಿಜಿಎ ಇದೆಯಾ ನೋಡಿಕೊಳ್ಳಿ.

ಬೋರ್ಡ್ ಬದಲಿಸುವುದು, ಹೊಸದು ಕಟ್ಟುವುದು, ಇವೆರಡರ ನಡುವೆ ಇನ್ನೊಂದು ದಾರಿ ಇದೆ. ದೊಡ್ಡ ಕಂಪನಿಗಳು ಹೊರಹಾಕಿದ, ಸರ್ವಿಸ್ ಮಾಡಿ ಮಾರುವ ರಿಫರ್ಬಿಶ್ಡ್ ಡೆಸ್ಕ್‌ಟಾಪ್. 8ನೇ ಜನರೇಷನ್ ಅಥವಾ ಮೇಲಿನದು, ಬಿಲ್ ಮತ್ತು ಕನಿಷ್ಠ ಆರು ತಿಂಗಳ ವಾರಂಟಿ ಜೊತೆ ಸಿಕ್ಕರೆ, ಸಣ್ಣ ಅಂಗಡಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ನಿಮ್ಮ ರಿಪೇರಿಯ ಒಟ್ಟು ಖರ್ಚು ಇಂಥದ್ದೊಂದರ ಅರ್ಧ ಬೆಲೆ ಮುಟ್ಟಿದರೆ ರಿಪೇರಿ ಕೈಬಿಡಿ. ಒಂದು ಎಚ್ಚರಿಕೆ ಮಾತ್ರ ಇರಲಿ. ಡೆಲ್, ಎಚ್‌ಪಿ, ಲೆನೊವೊ ಆಫೀಸ್ ಡೆಸ್ಕ್‌ಟಾಪ್‌ಗಳಲ್ಲಿ ಎಸ್‌ಎಂಪಿಎಸ್ ಕನೆಕ್ಟರ್, ಬೋರ್ಡಿನ ಅಳತೆ ಬಹುಪಾಲು ಅವರದ್ದೇ ಬೇರೆ. ಮುಂದೆ ಬೋರ್ಡ್ ಹೋದರೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಬೋರ್ಡ್ ಅದಕ್ಕೆ ಕೂರುವುದಿಲ್ಲ.

ಅಂದಹಾಗೆ, "ಹೇಗಿದ್ದರೂ ಸ್ಲೋ ಇತ್ತು, ಅದಕ್ಕೇ ಹೊಸದು" ಅನ್ನುವವರು ಒಂದು ವಿಷಯ ಗಮನಿಸಿ. ಹಳೇ ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಎಚ್61 ಬೋರ್ಡಿನಲ್ಲೂ ದೊಡ್ಡ ವ್ಯತ್ಯಾಸ ಕಾಣುತ್ತದೆ. ಸ್ಲೋ ಆಗುವುದು ಬೋರ್ಡಿನ ತಪ್ಪಲ್ಲ.

ಹಂತ 5: ಕೊಳ್ಳುವಾಗ

ಕಾರವಾರದವರಿಗೆ ಮಡಗಾಂವ್ ಹತ್ತಿರ, ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ. ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ತರಿಸುವವರೂ ಇದ್ದಾರೆ. ಎಲ್ಲಿಂದ ತಂದರೂ ವಾರಂಟಿಗೆ ವಾಪಸ್ ಕಳಿಸುವ ದಾರಿ ಮೊದಲೇ ಕೇಳಿ. ಇನ್ನೂರು ರೂಪಾಯಿ ಉಳಿಸಲು ದೂರದಿಂದ ತರಿಸಿ, ಕೆಟ್ಟಾಗ ಘಟ್ಟ ಹತ್ತಿ ಇಳಿಯುವುದಕ್ಕಿಂತ ಊರಿನ ಅಂಗಡಿಯಲ್ಲಿ ಬಿಲ್ ಜೊತೆ ಕೊಳ್ಳುವುದು ವಾಸಿ. ಬಿಲ್‌ನಲ್ಲಿ ಬೋರ್ಡಿನ ಸೀರಿಯಲ್ ನಂಬರ್ ಇರಲಿ. ಆಸುಸ್, ಗಿಗಾಬೈಟ್, ಎಂಎಸ್‌ಐ ಬೋರ್ಡ್‌ಗಳಿಗೆ ನಮ್ಮಲ್ಲಿ ಸಾಮಾನ್ಯವಾಗಿ 3 ವರ್ಷ ವಾರಂಟಿ, ಅಗ್ಗದ ಬ್ರಾಂಡ್‌ಗಳಿಗೆ ಹೆಚ್ಚಾಗಿ 1 ವರ್ಷ. ಕಿಲುಬು ಹಿಡಿದ, ಸುಟ್ಟ ಬೋರ್ಡನ್ನು ವಾರಂಟಿಯಲ್ಲಿ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕರಾವಳಿಯವರು ಇದನ್ನು ನೆನಪಿಡಬೇಕು.

ಅತಿ ಸಾಮಾನ್ಯ ಎಡವಟ್ಟು: ಸಾಕೆಟ್ ಒಂದೇ ಎಂದು ಬೋರ್ಡ್ ತರುವುದು. ಸಾಕೆಟ್ ಅಂದರೆ ಪ್ರೊಸೆಸರ್ ಕೂರುವ ಜಾಗ. 6, 7, 8, 9ನೇ ಜನರೇಷನ್ ನಾಲ್ಕೂ ಎಲ್‌ಜಿಎ 1151. ಆದರೂ 6, 7ಕ್ಕೆ ಎಚ್110 ಬೋರ್ಡ್, 8, 9ಕ್ಕೆ ಎಚ್310. ಅದಲುಬದಲಾದರೆ ಪ್ರೊಸೆಸರ್ ಕೂರುತ್ತದೆ, ಕೆಲಸ ಮಾಡುವುದಿಲ್ಲ. 10, 11 ಎರಡಕ್ಕೂ ಆಗುವುದು ಎಚ್510. ರೈಜೆನ್ 3000, 5000ಕ್ಕೆ ಸಾಕೆಟ್ ಎಎಂ4, ಆದರೆ ಹಳೇ ಬೋರ್ಡಿಗೆ ಹೊಸ ಪ್ರೊಸೆಸರ್ ಹಾಕುವ ಮೊದಲು ಬಯಾಸ್ ಅಪ್‌ಡೇಟ್ ಆಗಿರಬೇಕು. ಬಯಾಸ್ ಅಂದರೆ ಬೋರ್ಡ್ ಒಳಗಿರುವ, ಆನ್ ಆದ ಕೂಡಲೇ ಓಡುವ ಪ್ರೋಗ್ರಾಮ್. ಅಂಗಡಿಯಲ್ಲೇ ಮಾಡಿಸಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಬೋರ್ಡ್ ಆದರೆ ಆನ್ ಮಾಡಿ ತೋರಿಸಿದ ಮೇಲೆ, ಸಾಕೆಟ್‌ನ ಒಂದೂ ಪಿನ್ ಬಾಗಿಲ್ಲ ಎಂದು ಕಣ್ಣಾರೆ ನೋಡಿದ ಮೇಲೆ ದುಡ್ಡು ಕೊಡಿ.

ಹಂತ 6: ಬಿಚ್ಚುವ ಮೊದಲು ಡೇಟಾ

ಬೋರ್ಡ್ ಹೋದರೂ ಡಿಸ್ಕ್‌ನಲ್ಲಿರುವುದು ಹೋಗಿಲ್ಲ. ಡಿಸ್ಕ್ ತೆಗೆದು ಸಾಟಾ-ಯುಎಸ್‌ಬಿ ಕೇಬಲ್‌ನಿಂದ ಬೇರೆ ಕಂಪ್ಯೂಟರ್‌ಗೆ ಹಾಕಿ ಬ್ಯಾಕಪ್ ತೆಗೆಯಿರಿ. ಟ್ಯಾಲಿಯ ಡೇಟಾ ಫೋಲ್ಡರ್, ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ ಹಳೇ ಫೈಲ್‌ಗಳು, ಜೊತೆಗೆ ಅವುಗಳ ಫಾಂಟ್‌ಗಳನ್ನೂ ಕಾಪಿ ಮಾಡಿ. ಫಾಂಟ್ ಇಲ್ಲದಿದ್ದರೆ ಹಳೇ ನುಡಿ ಫೈಲ್ ತೆರೆದಾಗ ಅರ್ಥವಾಗದ ಅಕ್ಷರಗಳೇ ಕಾಣುತ್ತವೆ.

ಡಿಸ್ಕ್ ತೆರೆಯಲು 48 ಅಂಕೆಯ ಕೀ ಕೇಳಿದರೆ ಅದು ಬಿಟ್‌ಲಾಕರ್, ಅಂದರೆ ಡಿಸ್ಕ್‌ಗೆ ಹಾಕಿರುವ ಬೀಗ. ವಿಂಡೋಸ್ 11ರಲ್ಲಿ ಕೆಲವೊಮ್ಮೆ ನಿಮಗೆ ಗೊತ್ತಿಲ್ಲದೆಯೇ ಹಾಕಿರುತ್ತದೆ. ನೀವು ಲಾಗಿನ್ ಆಗಿದ್ದ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇರುತ್ತದೆ, ಹುಡುಕಿ. ಕೀ ಸಿಗದೆ ಡಿಸ್ಕ್ ಫಾರ್ಮ್ಯಾಟ್ ಮಾಡಲು ಯಾರಿಗೂ ಒಪ್ಪಿಗೆ ಕೊಡಬೇಡಿ.

ಕಂಪ್ಯೂಟರ್ ಜೊತೆಗೇ ಬಂದ ಓಇಎಂ ವಿಂಡೋಸ್ ಲೈಸೆನ್ಸ್ ಹಳೇ ಬೋರ್ಡಿಗೆ ಅಂಟಿಕೊಂಡಿರುತ್ತದೆ. ಬೋರ್ಡ್ ಬದಲಾದರೆ ಹೊಸ ಲೈಸೆನ್ಸ್ ಬೇಕಾಗಬಹುದು, ಆ ಖರ್ಚನ್ನೂ ಹಂತ 4ರ ಲೆಕ್ಕಕ್ಕೆ ಸೇರಿಸಿ. ಟ್ಯಾಲಿಯನ್ನೂ ಮತ್ತೆ ಆಕ್ಟಿವೇಟ್ ಮಾಡಬೇಕಾಗುತ್ತದೆ. ನೋಂದಣಿಯ ಇಮೇಲ್, ಪಾಸ್‌ವರ್ಡ್ ಕೈಯಲ್ಲಿರಲಿ.

ಹಂತ 7: ಬೋರ್ಡ್ ಕೂರಿಸುವುದು

1. ಒಂದು ವೈರ್ ಎಳೆಯುವ ಮೊದಲೇ ಮೊಬೈಲ್‌ನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಪವರ್ ಬಟನ್, ರಿಸೆಟ್, ಲೈಟ್‌ಗಳ ಸಣ್ಣ ವೈರ್‌ಗಳ ಹತ್ತಿರದ ಫೋಟೋ ಇರಲಿ. ಹೊಸ ಬೋರ್ಡಿನಲ್ಲಿ ಅವುಗಳ ಜಾಗ ಬೇರೆ ಇದ್ದರೂ ಯಾವ ವೈರ್ ಯಾವುದೆಂದು ತಿಳಿಯುತ್ತದೆ.

2. ಪ್ರೊಸೆಸರ್ ಫ್ಯಾನ್ ತೆಗೆಯುವಾಗ ಎಳೆಯಬೇಡಿ. ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಸಡಿಲ ಮಾಡಿ. ಎಎಂ4ನಲ್ಲಿ ಪಿನ್‌ಗಳು ಪ್ರೊಸೆಸರ್ ಅಡಿಯಲ್ಲೇ ಇರುತ್ತವೆ. ಒಣಗಿದ ಪೇಸ್ಟ್‌ಗೆ ಅಂಟಿ ಪ್ರೊಸೆಸರ್ ಕಿತ್ತುಬಂದರೆ ಪಿನ್ ಬಾಗುತ್ತದೆ.

3. ಇಂಟೆಲ್ ಬೋರ್ಡಿನ ಸಾಕೆಟ್ ಪಿನ್‌ಗಳಿಗೆ ಬೆರಳು, ಬ್ರಷ್ ಏನೂ ತಾಗಬಾರದು. ಪ್ರೊಸೆಸರ್ ಮೂಲೆಯ ತ್ರಿಕೋನ ಗುರುತನ್ನು ಸಾಕೆಟ್‌ನ ಗುರುತಿಗೆ ಹೊಂದಿಸಿ ಸುಮ್ನೆ ಇಡಿ, ಒತ್ತಬೇಡಿ. ಸಾಕೆಟ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡಿ, ವಾರಂಟಿಗೆ ಕಳಿಸುವಾಗ ಕೇಳುತ್ತಾರೆ.

4. ಹಳೇ ಪೇಸ್ಟ್ ಆಲ್ಕೊಹಾಲ್‌ನಿಂದ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಹೊಸದು ಹಾಕಿ.

5. ಕ್ಯಾಬಿನೆಟ್ ಒಳಗೆ ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆ ಸ್ಟ್ಯಾಂಡ್ ಸ್ಕ್ರೂಗಳು ಇರುತ್ತವೆ. ಹೊಸ ಬೋರ್ಡಿನಲ್ಲಿ ತೂತು ಇಲ್ಲದ ಕಡೆ ಹಳೇ ಸ್ಟ್ಯಾಂಡ್ ಉಳಿದಿದ್ದರೆ ಅದು ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತದೆ. ಹೊಸ ಬೋರ್ಡ್ ಮೊದಲ ದಿನವೇ ಸಾಯುವುದಕ್ಕೆ ಇದೊಂದು ಕಾರಣ. ಎಣಿಸಿ, ಬೇಡದ್ದನ್ನು ತೆಗೆಯಿರಿ.

6. ಸ್ಕ್ರೂ ಬಿಗಿಯುವ ಮೊದಲು, ಬೋರ್ಡ್ ರಟ್ಟಿನ ಮೇಲಿರುವಾಗಲೇ ಒಮ್ಮೆ ಆನ್ ಮಾಡಿ ಡಿಸ್‌ಪ್ಲೇ ನೋಡಿ.

7. 24 ಪಿನ್ ಕನೆಕ್ಟರ್ ಜೊತೆ ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ ಕನೆಕ್ಟರ್ ಹಾಕುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ.

8. ಹಿಂಬದಿಯ ತಗಡಿನ ಚೌಕಟ್ಟು ಬಿಟ್ಟುಬಿಡುವವರೇ ಜಾಸ್ತಿ. ನಮ್ಮ ಕಡೆ ಹಲ್ಲಿ, ಇಲಿ ಒಳಗೆ ನುಗ್ಗುವುದು ಆ ಕಿಂಡಿಯಿಂದಲೇ. ಹಾಕಿ.

ಹಳೇ ಡಿಸ್ಕ್ ಹಾಕಿದಾಗ "ಬೂಟ್ ಡಿವೈಸ್ ಇಲ್ಲ" ಎಂದು ಬಂದರೆ ಗಾಬರಿ ಬೇಡ. ಹಳೇ ಬೋರ್ಡ್‌ಗಳಲ್ಲಿ ವಿಂಡೋಸ್ ಹಳೇ ಲೆಗಸಿ ಕ್ರಮದಲ್ಲಿ ಇನ್‌ಸ್ಟಾಲ್ ಆಗಿರುತ್ತದೆ. ಎಚ್610 ಥರದ ಹೊಸ ಬೋರ್ಡ್‌ಗಳು ಯುಇಎಫ್‌ಐ ಎಂಬ ಹೊಸ ಕ್ರಮದಲ್ಲೇ ಶುರುವಾಗುತ್ತವೆ. ಬ್ಯಾಕಪ್ ಇದ್ದರೆ ವಿಂಡೋಸ್ ಹೊಸದಾಗಿ ಹಾಕುವುದೇ ನೇರ ದಾರಿ.

ಹಂತ 8: ಹೊಸದೂ ಹಾಗೇ ಹೋಗದಿರಲು

ಬೋರ್ಡ್ ಹೋದ ಕಾರಣ ಸರಿಮಾಡದೆ ಹೊಸದು ಹಾಕಿದರೆ ಎರಡು ಮಳೆಗಾಲದಲ್ಲಿ ಮತ್ತೆ ಇದೇ ಕಥೆ.

ಕ್ಯಾಬಿನೆಟ್ ನೆಲದಿಂದ ಒಂದಡಿ ಮೇಲಿರಲಿ, ಸಮುದ್ರದ ಕಡೆ ಕಿಟಕಿಯಿಂದ ದೂರ ಇರಲಿ. ಮಳೆಗಾಲದಲ್ಲಿ ಬಳಸದಿದ್ದರೂ ದಿನಾ ಅರ್ಧ ಗಂಟೆ ಆನ್ ಮಾಡಿಡಿ. ಒಳಗಿನ ಬಿಸಿ ತೇವ ಕೂರಲು ಬಿಡುವುದಿಲ್ಲ. ಬಿಸಿ ಇರುವಾಗಲೇ ಪ್ಲಾಸ್ಟಿಕ್ ಕವರ್ ಹಾಕಬೇಡಿ, ತೇವ ಒಳಗೇ ಉಳಿಯುತ್ತದೆ.

ಗುಡುಗು ಕೇಳಿದ ಕೂಡಲೇ ಪವರ್ ಪ್ಲಗ್ ಜೊತೆ ಲ್ಯಾನ್ ಕೇಬಲ್ಲನ್ನೂ ಎಳೆಯಿರಿ. "ನಮ್ಮದು ಫೈಬರ್, ಸಿಡಿಲು ಬರಲ್ಲ" ಎನ್ನುವವರಿದ್ದಾರೆ. ಫೈಬರ್ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಸರಿ. ಆದರೆ ಫೈಬರ್ ಪೆಟ್ಟಿಗೆಯ ಅಡಾಪ್ಟರ್ ಇರುವುದು ಮನೆಯ ಕರೆಂಟ್‌ನಲ್ಲೇ ಅಲ್ವಾ? ಅಲ್ಲಿಂದ ಲ್ಯಾನ್ ಕೇಬಲ್ ಮೂಲಕ ಬೋರ್ಡಿಗೆ ಬರುತ್ತದೆ. ಯುಪಿಎಸ್ ಇದ್ದರೂ ಸಿಡಿಲಿಗೆ ಅದು ತಡೆಯಲ್ಲ.

ಕೊನೆಗೆ ಅರ್ಥಿಂಗ್. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ, ಏಪ್ರಿಲ್-ಮೇ ಗುಡುಗು ಬರುವುದೂ ಆಗಲೇ. ಸಾಕೆಟ್‌ನ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎಲೆಕ್ಟ್ರಿಷಿಯನ್ ಕೈಯಲ್ಲಿ ವೋಲ್ಟೇಜ್ ಅಳೆಸಿ. ಎರಡು ಮೂರು ವೋಲ್ಟ್‌ಗಿಂತ ಹೆಚ್ಚು ಬಂದರೆ ಮೊದಲು ಅದನ್ನು ಸರಿ ಮಾಡಿಸಿ, ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹಾಕಿ. ಹೊಸ ಬೋರ್ಡಿನ ಪೆಟ್ಟಿಗೆ ತೆರೆಯುವುದು ಅದಾದ ಮೇಲೆ.